ಮೊದಲು ಪ್ರಶ್ನೆ, ಆಮೇಲೆ ಪದವಿ

ವೈಟ್‌ಫೀಲ್ಡ್, ಕಾಡುಗೋಡಿ, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯಿಂದ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಈಚೆಗೆ ಕೇಳುವ ಮಾತು ಹೆಚ್ಚುಕಮ್ಮಿ ಒಂದೇ: “ಸರ್, ಇಂಗ್ಲಿಷ್ ಲಿಟರೇಚರ್‌ನಲ್ಲಿ ಪಿಎಚ್.ಡಿ. ಮಾಡೋಣ ಅಂತಿದ್ದೀನಿ. ಏನಂತೀರಿ?” ಇವರಲ್ಲಿ ಸಾಫ್ಟ್‌ವೇರ್ ಕಂಪನಿಗೆ ಕಂಟೆಂಟ್ ಬರೆದುಕೊಡುವವರಿದ್ದಾರೆ. ಕಾಲ್ ಸೆಂಟರಿನ ರಾತ್ರಿ ಪಾಳಿಯವರಿದ್ದಾರೆ. ಅಪ್ಪ ಪೀಣ್ಯದ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತು ದುಡಿದು ಎಂ.ಎ. ಓದಿಸಿದ ಮಕ್ಕಳಿದ್ದಾರೆ. ಖಾಸಗಿ ಪದವಿ ಕಾಲೇಜಿನಲ್ಲಿ ದಿನವಿಡೀ ಪಾಠ ಮಾಡಿ ಸಂಜೆ ಗಂಟಲು ಕಟ್ಟಿಸಿಕೊಂಡು ಬರುವ ಎಳೆಯ ಮೇಷ್ಟ್ರುಗಳೂ ಮೇಡಂಗಳೂ ಇದ್ದಾರೆ. ಎಲ್ಲರನ್ನೂ ನಾನು ಕೇಳುವುದು ಇಷ್ಟೇ: “ನಿಮ್ಮ ಪ್ರಶ್ನೆ ಏನು?” ಬಹಳ ಜನ ವಿಷಯ ಹೇಳುತ್ತಾರೆ, ಯೂನಿವರ್ಸಿಟಿ ಹೆಸರು ಹೇಳುತ್ತಾರೆ, ಫೀಸು ಎಷ್ಟೆಂದು ಹೇಳುತ್ತಾರೆ. ಪ್ರಶ್ನೆ ಹೇಳುವವರು ಅಪರೂಪ. ಈ ಬರಹ ಅದರ ಬಗ್ಗೆಯೇ.

ಮೊದಲಿಗೆ ನಿಷ್ಠುರವಾದ ಮಾತು ಹೇಳಿಬಿಡುತ್ತೇನೆ. ಬರೀ ಕೆಲಸಕ್ಕಾಗಿ ಪಿಎಚ್.ಡಿ. ಬೇಕೆನ್ನುವವರಿಗೆ ಅದರ ಅಗತ್ಯವಿಲ್ಲ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2018ರಲ್ಲಿ ತಂದಿತ್ತು. ಅದನ್ನು ಮುಂದೂಡುತ್ತಾ ಹೋಗಿ 2023ರ ಜುಲೈನಲ್ಲಿ ಕೈಬಿಟ್ಟಿತು. ಈಗ ನೆಟ್ ಅಥವಾ ಕೆ-ಸೆಟ್ ಪಾಸಾಗಿದ್ದರೆ ಅರ್ಹತೆ ಸಿಕ್ಕಂತೆಯೇ. ಆ ಪರೀಕ್ಷೆ ಮೂರು ಗಂಟೆಯದು, ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಮನಸ್ಸಿಟ್ಟು ಓದಿದರೆ ಕೈಗೆ ಸಿಗುವಂಥದ್ದು. ಹಾಗೆಂದು ಅರ್ಹತೆ ಬಂದ ಮಾತ್ರಕ್ಕೆ ಹುದ್ದೆ ಕಾದಿರುವುದಿಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಎಲ್ಲ ವಿಷಯ ಸೇರಿ 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಅಧಿಸೂಚನೆ ಬಂದದ್ದು 2021ರಲ್ಲಿ. ಅಂಥ ನೇಮಕಾತಿ ವರ್ಷ ವರ್ಷ ಬರುವುದಿಲ್ಲ. ಹೆಸರಿನ ಹಿಂದೆ ‘ಡಾ.’ ಹಾಕಿಕೊಂಡು ಅತಿಥಿ ಉಪನ್ಯಾಸಕರಾಗಿಯೇ ಕೂದಲು ನರೆತವರನ್ನು ನಾನು ಬಲ್ಲೆ. ಆದ್ದರಿಂದ ಹೊಟ್ಟೆಪಾಡಿನ ಲೆಕ್ಕವನ್ನೂ ಸಂಶೋಧನೆಯ ಆಸೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿ.

ಹಾಗಾದರೆ ಪಿಎಚ್.ಡಿ. ಯಾಕೆ ಮಾಡಬೇಕು? ನಿಮ್ಮೊಳಗೆ ಒಂದು ಪ್ರಶ್ನೆ ಹುಟ್ಟಿದೆ, ಅದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ, ಅದನ್ನು ಬಿಟ್ಟು ಇರಲಾಗುತ್ತಿಲ್ಲ ಎನ್ನುವಂತಿದ್ದರೆ ಮಾಡಬೇಕು. ನಾಲ್ಕಾರು ವರ್ಷ ಒಂದೇ ವಿಷಯದ ಜೊತೆ ಬದುಕುವ ಶಕ್ತಿ ಬರುವುದು ಅಲ್ಲಿಂದಲೇ. ಬಡ್ತಿಯ ಆಸೆ ಎರಡನೇ ವರ್ಷಕ್ಕೆ ಸೊರಗುತ್ತದೆ, ಮನೆಯವರ ಹೆಮ್ಮೆ ಮೂರನೇ ವರ್ಷಕ್ಕೆ ಬೇಸರವಾಗುತ್ತದೆ. ಪ್ರಶ್ನೆ ನಿಜವಾದದ್ದಾಗಿದ್ದರೆ ಅದು ಮಾತ್ರ ಕೊನೆಯವರೆಗೂ ಕೈ ಹಿಡಿಯುತ್ತದೆ.

ವಿಷಯ ಬೇರೆ, ಪ್ರಶ್ನೆ ಬೇರೆ. ನಿಮಗೆಲ್ಲ ಗೊತ್ತಿರುವ ಜಾಗದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರ ‘ದಿ ವೈಟ್ ಟೈಗರ್’ 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಕಾದಂಬರಿ. ಅದರ ನಾಯಕ ಬಲರಾಮ್ ಚೀನಾದ ಪ್ರಧಾನಿಗೆ ಪತ್ರದ ಮೇಲೆ ಪತ್ರ ಬರೆಯುತ್ತಾನೆ. ಪತ್ರದ ತಲೆಯ ಮೇಲಿನ ವಿಳಾಸ ಹೊಸೂರು ರಸ್ತೆ ಪಕ್ಕದ ಎಲೆಕ್ಟ್ರಾನಿಕ್ಸ್ ಸಿಟಿ, ಮೊದಲನೇ ಹಂತ. ಉತ್ತರ ಭಾರತದ ಹಳ್ಳಿಯಿಂದ ದೆಹಲಿಗೆ ಹೋಗಿ ಡ್ರೈವರಾದವನು, ಯಜಮಾನನನ್ನು ಕೊಂದು, ಅವನ ಹಣದೊಂದಿಗೆ ಬೆಂಗಳೂರಿಗೆ ಬಂದು, ಕಾಲ್ ಸೆಂಟರಿನ ನೌಕರರನ್ನು ರಾತ್ರಿ ಹೊತ್ತು ಕರೆದೊಯ್ಯುವ ಕಾರುಗಳ ವ್ಯವಹಾರ ಕಟ್ಟುತ್ತಾನೆ. ‘ದಿ ವೈಟ್ ಟೈಗರ್‌ನಲ್ಲಿ ಜಾಗತೀಕರಣ’ ಎಂದು ಅರ್ಜಿಯಲ್ಲಿ ಬರೆದರೆ ಅದು ವಿಷಯ. ಅದನ್ನು ಎಷ್ಟೋ ಜನ ಬರೆದು ಮುಗಿಸಿದ್ದಾರೆ.

ಈಗ ಪೆನ್ಸಿಲ್ ಹಿಡಿದು ಕಾದಂಬರಿಯನ್ನು ಮತ್ತೆ ಓದಿ. ಬೆಂಗಳೂರು ಬರುವ ಪುಟಗಳನ್ನೆಲ್ಲ ಗುರುತು ಮಾಡಿ. ದೆಹಲಿಗೆ ಎಷ್ಟು ಪುಟ ಕೊಟ್ಟಿದ್ದಾನೆ, ನಮ್ಮೂರಿಗೆ ಎಷ್ಟು? ಬಲರಾಮನ ಕಿವಿಗೆ ಕನ್ನಡ ಎಷ್ಟು ಬೀಳುತ್ತದೆ? ಅವನ ಕಾರುಗಳು ಓಡಾಡುವ ದೊಡ್ಡತೋಗೂರು, ಕೋನಪ್ಪನ ಅಗ್ರಹಾರದಲ್ಲಿ ಮೊದಲಿಂದ ಇದ್ದ ಜನ ಕಾದಂಬರಿಯಲ್ಲಿ ಎಲ್ಲಿದ್ದಾರೆ? ಪಟ್ಟಿ ಮಾಡಿಟ್ಟುಕೊಳ್ಳಿ. ಅದರ ಪಕ್ಕದಲ್ಲೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಟ್ಟುಕೊಳ್ಳಿ. ಅದು 2013ರ ಕನ್ನಡ ಕೃತಿ, ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದರು. ಅಲ್ಲೂ ಬೆಂಗಳೂರು, ಅಲ್ಲೂ ಹೊಸದಾಗಿ ಬಂದ ದುಡ್ಡು, ಅಲ್ಲೂ ಅಪರಾಧದ ನೆರಳು. ಆದರೆ ಅದರಲ್ಲಿ ಬರುವ ಕುಟುಂಬದವರು ಹೊರಗಿನ ಯಾರಿಗೂ ಏನನ್ನೂ ಹೇಳುವುದಿಲ್ಲ. ಇಷ್ಟಾದ ಮೇಲೆ ತಾನಾಗಿಯೇ ಒಂದು ಮಾತು ಏಳುತ್ತದೆ: ಒಂದೇ ಊರಿನ ಹೊಸ ಹಣವನ್ನು ಇಂಗ್ಲಿಷ್ ಕಾದಂಬರಿ ಹೊರದೇಶದವನ ಮುಂದೆ ಬಾಯಿಬಿಟ್ಟು ಒಪ್ಪಿಸುತ್ತದೆ, ಕನ್ನಡ ಕಾದಂಬರಿ ಮನೆಯೊಳಗೇ ಮುಚ್ಚಿಡುತ್ತದೆ. ಯಾಕೆ? ಓದುಗರು ಬೇರೆಯಾದ್ದರಿಂದಲೋ, ಕಥೆ ಹೇಳುವವನ ವರ್ಗ ಬೇರೆಯಾದ್ದರಿಂದಲೋ? ಕನ್ನಡದ ಆ ಮೌನ ಅನುವಾದದಲ್ಲಿ ಉಳಿಯಿತೋ, ಸ್ವಲ್ಪ ಮಾತಾಯಿತೋ? ಮಕ್ಕಳೇ, ಇದು ಪ್ರಶ್ನೆ. ಉತ್ತರ ಈಗಲೇ ಗೊತ್ತಿಲ್ಲ, ಪುಸ್ತಕ ತೆರೆದು ಹುಡುಕಿದರೆ ಸಿಗುವ ಸಾಧ್ಯತೆ ಇದೆ, ಸಿಕ್ಕ ಉತ್ತರ ತಪ್ಪೆಂದು ಇನ್ನೊಬ್ಬರು ಪುಟ ತೋರಿಸಿ ವಾದ ಮಾಡಬಹುದು. ಈ ಮೂರೂ ಇದ್ದರೆ ಮಾತ್ರ ಸಂಶೋಧನೆ.

ನಿಮ್ಮ ಸುತ್ತಲೇ ಇಂಥವು ಎಷ್ಟೋ ಬಿದ್ದಿವೆ. ಐಟಿ ಬರುವುದಕ್ಕೆ ನೂರು ವರ್ಷ ಮೊದಲೇ, 1882ರಲ್ಲಿ, ಚಾಮರಾಜೇಂದ್ರ ಒಡೆಯರು ಕೊಟ್ಟ ನೆಲದಲ್ಲಿ ಆಂಗ್ಲೋ-ಇಂಡಿಯನ್ನರಿಗೆಂದು ಡಿ.ಎಸ್. ವೈಟ್ ಕಟ್ಟಿಸಿದ ಊರು ವೈಟ್‌ಫೀಲ್ಡ್. ಆ ಸಮುದಾಯ ತನ್ನ ಬಗ್ಗೆ ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಏನು, ಉಳಿದವರು ಅವರ ಬಗ್ಗೆ ಬರೆದದ್ದು ಏನು ಎಂದು ಅಲ್ಲೇ ಇರುವ ನೀವು ಹುಡುಕಬಹುದು. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲಂತೂ ಕನ್ನಡದಿಂದ ಇಂಗ್ಲಿಷಿಗೆ ಹೋದ ಬರಹದ ಬಗ್ಗೆ ಕೇಳಬೇಕಾದ್ದು ಬೆಟ್ಟದಷ್ಟಿದೆ. ಎರಡೂ ಭಾಷೆ ಬಲ್ಲವರಷ್ಟೇ ಅದನ್ನು ಕೇಳಬಲ್ಲರು.

ಸ್ಥಳೀಯ ವಿಷಯವೇ ಬೇಕು ಎಂದು ನಾನು ಹೇಳುತ್ತಿಲ್ಲ. ಹಳೆಯ ಇಂಗ್ಲಿಷ್ ಸಾಹಿತ್ಯ ಓದುವಾಗಲೂ ನಿಮ್ಮ ಬದುಕನ್ನು ಬಾಗಿಲ ಹೊರಗೆ ಬಿಡಬೇಡಿ. ಚಾರ್ಲ್ಸ್ ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ 1854ರದು. ಅದೇ ವರ್ಷ ಅವನದೇ ವಾರಪತ್ರಿಕೆಯಲ್ಲಿ ಎಲಿಜಬೆತ್ ಗ್ಯಾಸ್ಕೆಲ್ ಅವರ ‘ನಾರ್ತ್ ಅಂಡ್ ಸೌತ್’ ಧಾರಾವಾಹಿಯಾಗಿ ಶುರುವಾಯಿತು. ಎರಡರಲ್ಲೂ ಗಿರಣಿ, ಮಾಲೀಕ, ಕಾರ್ಮಿಕ ಸಂಘ. ಓಟಿ ಎಂದರೇನು, ಪಾಳಿ ಬದಲಾದ ದಿನ ಮನೆ ಹೇಗಿರುತ್ತದೆ, ಯೂನಿಯನ್ ಸೇರಿದ ಅಪ್ಪನ ಬಗ್ಗೆ ಅಮ್ಮ ಯಾಕೆ ಹೆದರುತ್ತಾಳೆ, ಇವೆಲ್ಲ ಪೀಣ್ಯದ ಮನೆಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮನ ಮಗಳು ಗ್ಯಾಸ್ಕೆಲ್ ಓದುವಾಗ, ಗಿರಣಿಯ ಹತ್ತಿಧೂಳು ಶ್ವಾಸಕೋಶಕ್ಕೆ ಇಳಿದು ಸಾಯುವ ಬೆಸ್ಸಿ ಹಿಗಿನ್ಸ್ ಎಂಬ ಹುಡುಗಿಯ ಪುಟದಲ್ಲಿ ಅವಳಿಗೆ ಕಾಣುವುದು ಕಾರ್ಖಾನೆ ನೋಡದವರಿಗೆ ಕಾಣಲಾರದು. ಅದು ನಿಮ್ಮ ಕೊರತೆಯಲ್ಲ ಮಕ್ಕಳೇ, ನಿಮ್ಮ ಆಸ್ತಿ.

ಕನ್ನಡ ಮಾಧ್ಯಮದಿಂದ ಬಂದವರು “ನನ್ನ ಇಂಗ್ಲಿಷ್ ಸಾಲದು ಸರ್” ಎಂದು ತಲೆ ತಗ್ಗಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಮ್ಮ ಹಿಂದಿನವರನ್ನು ನೋಡಿ. ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಕೊಟ್ಟು ಕನ್ನಡ ಕಾವ್ಯದ ದಾರಿಯನ್ನೇ ಬದಲಿಸಿದರು. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಸಂಶೋಧನೆ ಮಾಡಿ 1966ರಲ್ಲಿ ಪಿಎಚ್.ಡಿ. ಪಡೆದರು. ಅದೇ ವರ್ಷಗಳಲ್ಲಿ, ಅಲ್ಲೇ ಕೂತು ‘ಸಂಸ್ಕಾರ’ ಬರೆದರು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ವಚನಗಳನ್ನು ಜಗತ್ತಿಗೆ ಓದಿಸಿದರು. ಇವರಾರೂ ಇಂಗ್ಲಿಷ್ ಓದಲು ಕನ್ನಡವನ್ನು ಬಿಟ್ಟುಕೊಡಲಿಲ್ಲ. ಎರಡನ್ನೂ ಒಂದರ ಎದುರು ಒಂದು ಇಟ್ಟು ನೋಡಿದ್ದರಿಂದಲೇ ಅವರಿಗೆ ಹೊಸದು ಕಂಡಿತು. ನಿಮ್ಮ ಇಂಗ್ಲಿಷ್ ಸರಳವಾಗಿರಲಿ, ತಪ್ಪಿಲ್ಲದಿರಲಿ, ಅಷ್ಟು ಸಾಕು. ಫೂಕೋ, ಸ್ಪಿವಾಕ್ ಹೆಸರುಗಳನ್ನು ಪುಟಕ್ಕೆ ನಾಲ್ಕು ಸಲ ತುರುಕುವ ಮೊದಲು ಕಾದಂಬರಿಯನ್ನು ಮೂರು ಸಲ ಓದಿ. ಸಿದ್ಧಾಂತ ಬೇಕು, ಆದರೆ ನಿಮ್ಮ ಪ್ರಶ್ನೆ ಅದನ್ನು ಕರೆದಾಗ ಬರಲಿ.

ಪ್ರಶ್ನೆ ಸಿಕ್ಕಿತೆಂದುಕೊಳ್ಳಿ. ಮುಂದಿನದು ಮಾರ್ಗದರ್ಶಕರು. ದೊಡ್ಡ ಹೆಸರು ಹುಡುಕಬೇಡಿ, ನಿಮ್ಮ ಅಧ್ಯಾಯವನ್ನು ಓದುವವರನ್ನು ಹುಡುಕಿ. ಶೋಧಗಂಗಾ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳು ಹಣವಿಲ್ಲದೆ ಓದಲು ಸಿಗುತ್ತವೆ. ನೀವು ಯೋಚಿಸಿರುವ ಗೈಡ್ ಕೈಕೆಳಗೆ ಬಂದ ಎರಡು ಮೂರು ಥೀಸಿಸ್ ತೆರೆದು ನೋಡಿ, ಅವರ ಕೈ ಎಂಥದೆಂದು ತಿಳಿಯುತ್ತದೆ. ಅವರ ಹಳೆಯ ವಿದ್ಯಾರ್ಥಿಗಳನ್ನು ಕಂಡು, ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ತಿದ್ದಿ ವಾಪಸ್ ಬರುತ್ತಿತ್ತು ಎಂದು ಕೇಳಿ. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷದೊಳಗಿದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೋಗಿ ಕಾಣುವ ಮೊದಲು ಸೀಟು ಖಾಲಿ ಇದೆಯೇ ವಿಚಾರಿಸಿಕೊಳ್ಳಿ.

ನಿಯಮಗಳನ್ನು ಇನ್ನೊಬ್ಬರ ಬಾಯಿಂದ ಕೇಳಬೇಡಿ, ಕೂತು ಓದಿ. ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರಿಗೆ ಶೇ. 5 ವಿನಾಯಿತಿ ಇದೆ. ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮೇಲೆ ಎರಡು ವರ್ಷ ವಿಸ್ತರಣೆ ಸಿಗಬಹುದು. ಹೆಣ್ಣುಮಕ್ಕಳಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ ಎರಡು ವರ್ಷ. ಹೆರಿಗೆ, ಮಕ್ಕಳ ಆರೈಕೆಗೆಂದು 240 ದಿನಗಳವರೆಗೆ ರಜೆಯೂ ಉಂಟು. ಮದುವೆ, ಮಗು ಆದರೆ ಓದು ಮುಗಿದಂತೆಯೇ ಎಂದು ಯಾರಾದರೂ ಹೇಳಿದರೆ ಈ ನಿಯಮ ತೋರಿಸಿ. ಕೆಲಸ ಬಿಡದೆ ಅರೆಕಾಲಿಕವಾಗಿ ಓದಬಹುದು, ಆದರೆ ಕಂಪನಿಯಿಂದ ಎನ್‌ಒಸಿ ಬೇಕು, ಕೋರ್ಸ್‌ವರ್ಕ್‌ಗೆ ಬಿಡುವು ಕೊಡುತ್ತೇವೆಂದು ಅವರು ಬರೆದುಕೊಡಬೇಕು. ಬಿ.ಇ. ಮಾಡಿದವರು ಮಾನ್ಯತೆ ಇರುವ ದೂರಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿಕೊಂಡು ಬರಬಹುದು. ಪಿಎಚ್.ಡಿ. ಮಾತ್ರ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಇಲ್ಲ. ಇದೆ ಎಂದು ಯಾರಾದರೂ ಫೋನ್ ಮಾಡಿದರೆ ದುಡ್ಡು ಕಟ್ಟಬೇಡಿ.

ಹಣದ ಮಾತು. ಪೂರ್ಣಾವಧಿ ಓದುವವರಿಗೆ ಜೆಆರ್‌ಎಫ್ ದೊಡ್ಡ ಆಸರೆ: 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ವಯಸ್ಸು ಮೂವತ್ತು ದಾಟಿರಬಾರದು, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳು ಬೇರೆಯಾಗಿಯೇ ಇವೆ. ಫೆಲೋಶಿಪ್ ಇಲ್ಲದವರು, ಮನೆಯಲ್ಲಿ ನಿಮ್ಮ ಸಂಬಳವನ್ನೇ ನಂಬಿದವರಿದ್ದರೆ, ಕೆಲಸ ಬಿಡುವ ಆತುರ ಮಾಡಬೇಡಿ. ಅರೆಕಾಲಿಕವಾಗಿ ನಿಧಾನಕ್ಕೆ ಮಾಡಿದ ಥೀಸಿಸ್‌ಗೂ ಅದೇ ಬೆಲೆ. ಇಎಂಐ ತಲೆಯಲ್ಲಿ ತಿರುಗುತ್ತಿದ್ದರೆ ಮಿಲ್ಟನ್ ತಲೆಗೆ ಇಳಿಯುವುದಿಲ್ಲ.

ಹೊತ್ತು ಹೊಂದಿಸುವುದೇ ನಮ್ಮ ಭಾಗದವರ ದೊಡ್ಡ ಕಷ್ಟ. ಔಟರ್ ರಿಂಗ್ ರೋಡ್, ಸಿಲ್ಕ್ ಬೋರ್ಡ್ ಎಷ್ಟು ಜನರ ಸಂಜೆಗಳನ್ನು ನುಂಗಿವೆ ಎಂಬುದು ಗೊತ್ತೇ ಇದೆ. ಆದರೂ ಮೊದಲಿಗಿಂತ ಈಗ ದಾರಿ ಸಲೀಸಾಗಿದೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ನಿಂದ ಹೊರಟು ಕಬ್ಬನ್ ಪಾರ್ಕ್, ಸೆಂಟ್ರಲ್ ಕಾಲೇಜು, ಜ್ಞಾನಭಾರತಿ ಮುಟ್ಟಿ ಚಲ್ಲಘಟ್ಟದವರೆಗೆ ಒಂದೇ ಓಟ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಗೂ ಬಂತು. ಪೀಣ್ಯದವರಿಗೆ ಹಸಿರು ಮಾರ್ಗ ಹಳೆಯದು. ರೈಲಿನಲ್ಲಿ ಸೀಟು ಸಿಕ್ಕರೆ ಫೋನ್ ಒಳಗಿಟ್ಟು ಪುಸ್ತಕ ತೆಗೆಯಿರಿ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ವಾರಕ್ಕೊಮ್ಮೆಯಾದರೂ ಹೋಗಿ. ಮನೆಯಲ್ಲಿ ಕೂತೇ ಜೆಸ್ಟೋರ್‌ನಲ್ಲಿ ಹೆಸರು ನೋಂದಾಯಿಸಿ ಎಷ್ಟೋ ಲೇಖನಗಳನ್ನು ಉಚಿತವಾಗಿ ಓದಬಹುದು. ದಿನಕ್ಕೆ ಒಂದೂವರೆ ಗಂಟೆ, ತಪ್ಪದೆ. ಭಾನುವಾರ ಒಟ್ಟಿಗೆ ಹತ್ತು ಗಂಟೆ ಕೂರುತ್ತೇನೆ ಎಂದವರು ತಿಂಗಳು ಕಳೆಯುವುದರೊಳಗೆ ಬಿಟ್ಟುಬಿಡುತ್ತಾರೆ.

ಓದುವಾಗ ನೋಟ್‌ಬುಕ್ಕಿನ ಪುಟವನ್ನು ಮಧ್ಯಕ್ಕೆ ಗೆರೆ ಎಳೆದು ಎರಡು ಮಾಡಿಕೊಳ್ಳಿ. ಎಡಕ್ಕೆ ಲೇಖಕರ ಮಾತು, ಉದ್ಧರಣ ಚಿಹ್ನೆಯೊಳಗೆ, ಜೊತೆಗೆ ಪುಸ್ತಕದ ಹೆಸರು, ಆವೃತ್ತಿ, ಪುಟಸಂಖ್ಯೆ. ಬಲಕ್ಕೆ ನಿಮ್ಮ ಮಾತು ಮಾತ್ರ. ಎರಡು ವರ್ಷದ ನಂತರ ಅಧ್ಯಾಯ ಬರೆಯಲು ಕೂತಾಗ ಯಾವುದು ಯಾರದೆಂದು ಗೊಂದಲವಾಗುವುದಿಲ್ಲ. ಬೇಕೆಂದೇ ಕದಿಯುವವರು ಕೆಲವರು. ಟಿಪ್ಪಣಿ ಕಲಸಿಹೋಗಿ ಕೃತಿಚೌರ್ಯಕ್ಕೆ ಸಿಕ್ಕಿಬೀಳುವವರು ಬಹಳ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ತಂದ ನಿಯಮದಂತೆ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು.

ಇಲ್ಲಿ ನನ್ನ ದನಿ ಸ್ವಲ್ಪ ಗಡುಸಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಥೀಸಿಸ್ ಬರೆದುಕೊಡುವ ಅಂಗಡಿಗಳಿವೆ, ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ನಿಯತಕಾಲಿಕೆಗಳಿವೆ, ಒಂದು ಸಾಲು ಟೈಪ್ ಮಾಡಿದರೆ ಅಧ್ಯಾಯವನ್ನೇ ಬರೆದುಕೊಡುವ ಎಐ ಈಗ ನಿಮ್ಮ ಫೋನಿನಲ್ಲೇ ಇದೆ. ಮೂರರ ಕಡೆಗೂ ಕೈ ಚಾಚಬೇಡಿ. ಪದವಿ ಕೊಡುವುದರಲ್ಲಿ ನಿಯಮ ಮುರಿದದ್ದಕ್ಕೆ ರಾಜಸ್ಥಾನದ ಮೂರು ವಿಶ್ವವಿದ್ಯಾಲಯಗಳು ಐದು ವರ್ಷ ಯಾರನ್ನೂ ಪಿಎಚ್.ಡಿ.ಗೆ ಸೇರಿಸಿಕೊಳ್ಳಬಾರದೆಂದು 2025ರ ಜನವರಿಯಲ್ಲಿ ಯುಜಿಸಿ ಆದೇಶ ಮಾಡಿತು. ಅಲ್ಲಿ ಪ್ರಾಮಾಣಿಕವಾಗಿ ಓದಿದವರೂ ಇದ್ದಿರಬೇಕು, ಅವರ ಪದವಿಯನ್ನೂ ಈಗ ಜನ ಅನುಮಾನದಿಂದ ನೋಡುತ್ತಾರೆ. 2022ರ ನಿಯಮದಲ್ಲಿ ಥೀಸಿಸ್‌ಗೆ ಮೊದಲು ಲೇಖನ ಪ್ರಕಟಿಸುವ ಕಡ್ಡಾಯವನ್ನೇ ತೆಗೆದಿದ್ದಾರೆ. ಆದ್ದರಿಂದ ಕಂಡಕಂಡಲ್ಲಿ ಹಣ ಕೊಟ್ಟು ಅಚ್ಚು ಹಾಕಿಸುವ ಅವಸರ ಏಕೆ? ಬೇರೆಯವರು ಬರೆದ ಥೀಸಿಸ್ ಹಿಡಿದು ವೈವಾದಲ್ಲಿ ಕೂತವರ ಮುಖ ನೋಡಿದವನು ನಾನು. ಪರೀಕ್ಷಕರು ಮೂರನೇ ಅಧ್ಯಾಯದ ಬಗ್ಗೆ ಕೇಳುತ್ತಾರೆ, ಇವರು ಮೊದಲ ಪುಟ ತಿರುವುತ್ತಾರೆ. ಆ ಅವಮಾನ ನಿಮಗೆ ಬೇಡ.

ತಂದೆತಾಯಿಯರಿಗೂ ಒಂದು ಮಾತು. ಸಾಫ್ಟ್‌ವೇರ್ ಕೆಲಸ ಇರುವಾಗ ಈ ಇಂಗ್ಲಿಷ್ ಓದು ಯಾಕೆ ಎಂದು ನೀವು ಕೇಳುವುದರಲ್ಲಿ ತಪ್ಪಿಲ್ಲ. ಮಕ್ಕಳು ಸಂಬಳದ ಲೆಕ್ಕ ಸರಿಯಾಗಿ ಮುಂದಿಟ್ಟಿದ್ದರೆ, ಓದಿನ ಬಗ್ಗೆ ಕೇಳಿದಾಗ ಅವರ ಕಣ್ಣು ಬೆಳಗಿದರೆ, ಮಿಕ್ಕದ್ದನ್ನು ಅವರಿಗೆ ಬಿಡಿ. “ಯಾವಾಗ ಮುಗಿಯುತ್ತೆ?” ಎಂದು ಪ್ರತಿ ಹಬ್ಬಕ್ಕೂ ಕೇಳಬೇಡಿ. ಏನು ಓದುತ್ತಿದ್ದಾರೆಂದು ಕೇಳಿ. ಹೇಳಲು ಅವರಿಗೆ ಬಹಳ ಇರುತ್ತದೆ.

ಮಕ್ಕಳೇ, ಇಂಗ್ಲಿಷ್ ವಿಭಾಗಗಳಿಗೆ ನಿಮ್ಮಂಥವರು ಬೇಕು. ಕ್ಯಾಬು, ಪಾಳಿ, ಕಾರ್ಖಾನೆ, ಪೇಯಿಂಗ್ ಗೆಸ್ಟ್ ಕೋಣೆ, ಎರಡು ಮೂರು ಭಾಷೆಯ ಮನೆಗಳನ್ನು ಕಂಡವರ ಓದು ಸೇರದಿದ್ದರೆ ಅಲ್ಲಿ ಬರೆದದ್ದೇ ಮತ್ತೆ ಮತ್ತೆ ಬರೆಯಲಾಗುತ್ತದೆ. ಅರ್ಜಿ ತುಂಬಲು ಅವಸರ ಬೇಡ. ನಿಮ್ಮನ್ನು ಕಾಡಿದ ಒಂದು ಪುಸ್ತಕ ಹಿಡಿದು ಮೂರು ತಿಂಗಳು ಓದಿ. ನಿಮ್ಮ ಪ್ರಶ್ನೆಯನ್ನು ಒಂದೇ ಪುಟದಲ್ಲಿ, ಇಂಗ್ಲಿಷಿನಲ್ಲೋ ಕನ್ನಡದಲ್ಲೋ, ಬರೆಯಿರಿ. ನೀವು ನಂಬುವ ಒಬ್ಬ ಮೇಷ್ಟ್ರಿಗೆ ತೋರಿಸಿ, ಅವರು ಎತ್ತಿದ ಆಕ್ಷೇಪಕ್ಕೆ ಉತ್ತರ ಹುಡುಕಿ. ಅಷ್ಟಾದ ಮೇಲೂ ಮನಸ್ಸು ಅಲ್ಲೇ ನಿಂತಿದ್ದರೆ ಯಾರ ಮಾತಿಗೂ ಹಿಂಜರಿಯದೆ ಸೇರಿ.